ಗ್ಲಾಸು ಅಂದರೆ ಲೋಟವೋ, ಗಾಜೋ?

ಟೈಲರಮ್ಮ ಮಿಷನ್ ತುಳಿಯುತ್ತಿದ್ದಾಗ ಬೀದಿಯಲ್ಲಿ ತಂಗಿ ಚೀರಿದ್ದು ಕೇಳಿಸಿತು. ತಂಗಿ ಆ ಬೀದಿಯ ಕಸದ ಗಾಡಿಯವಳು. ಓಡಿ ಹೋಗಿ ನೋಡಿದರೆ ಅವಳ ಬಲ ಅಂಗೈ ಸೀಳಿ ರಕ್ತ ಸುರಿಯುತ್ತಿದೆ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿ ತಂಗಿಯನ್ನು ಮನೆಗೆ ಕರೆತಂದರೂ ಟೈಲರಮ್ಮನ ಸಿಟ್ಟು ಇಳಿಯಲಿಲ್ಲ. ಬೆಳಗಾದರೆ ಬಟ್ಟೆ ಹೊಲಿಯುವವಳಿಗೆ ತಂಗಿಯ ಕೈಮೇಲಿನ ಆ ಹೊಲಿಗೆ ನೋಡಲಾಗಲಿಲ್ಲ.

"ಯಾವ ಮನೆಹಾಳರು ಕಸದಲ್ಲಿ ಗಾಜು ಹಾಕಿದ್ದು? ಹೇಳೇ, ಈಗಲೇ ಹೋಗಿ ಮಾನ ಹರಾಜು ಹಾಕ್ತೀನಿ!"

ತಂಗಿ ಭಾವನ ಕಡೆ ನೋಡಿದಳು. ಕುರ್ಚಿಯಲ್ಲಿದ್ದ ಟೈಲರಮ್ಮನ ಗಂಡ ಗಂಟಲು ಸರಿಮಾಡಿಕೊಂಡ.

"ನಮ್ಮನೆ ಚೀಲದ್ದೇ ಕಣೆ. ಬಾಟಲಿ ಒಡೆದಿತ್ತು. ಆದ್ರೆ ನಾನು ಹೇಳಿದ್ದೆ, ಒಳಗೆ ಗ್ಲಾಸಿದೆ ನೋಡ್ಕೋ ಅಂತ."

"ಗ್ಲಾಸು ಅಂದ್ರಿ ಭಾವ, ನಾನು ಲೋಟ ಅಂದ್ಕೊಂಡೆ," ಎಂದಳು ತಂಗಿ ಮೆಲ್ಲಗೆ. "ನಿಮ್ಮ ಸ್ಟೀಲ್ ಗ್ಲಾಸು ತಪ್ಪಿ ಕಸಕ್ಕೆ ಬಿದ್ದಿದೆ, ವಾಪಸ್ ಕೊಡೋಣ ಅಂತ ಗ್ಲೌಸ್ ತೆಗೆದು ಕೈ ಹಾಕಿದೆ."

ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ಇವಳು ನಿಮ್ಮ ಲೋಟ ಉಳಿಸೋಕೆ ಹೋದಳು. ನಿಮಗೆ ಇವಳ ಕೈ ಉಳಿಸೋಕೆ ಒಂದು ಹಳೇ ಪೇಪರ್ ಸುತ್ತೋಕೆ ಆಗಲಿಲ್ಲ!"

"ಒಂದು ಚೂರು ಗಾಜಿಗೆ ಇಷ್ಟು ರಂಪ ಯಾಕೆ? ಎಲ್ಲೋ ಹೋಗಿ ಮಣ್ಣಲ್ಲಿ ಮಣ್ಣಾಗುತ್ತೆ ಬಿಡು."

"ಮರಳು ಕರಗಿಸಿ ಮಾಡಿದ್ದಾದ್ರೂ ಗಾಜು ಕೊಳೆಯಲ್ಲ ಭಾವ," ಎಂದಳು ತಂಗಿ. "ನಾವು ಮಣ್ಣಾದ್ರೂ ಆ ಚೂರು ಹಾಗೇ ಇರುತ್ತೆ, ದನದ ಬಾಯಿಗೋ ಮಕ್ಕಳ ಕಾಲಿಗೋ ಕಾಯ್ತಾ. ಬೇರೆ ಕೊಟ್ರೆ ಬಾಟಲಿ ಗಾಜನ್ನ ಕರಗಿಸಿ ಮತ್ತೆ ಬಾಟಲಿ ಮಾಡ್ತಾರೆ."

"ಹೇಗೆ ಕೊಡಬೇಕು?" ಗಂಡನ ದನಿ ಇಳಿದಿತ್ತು.

"ಬರಿಗೈಯಲ್ಲಿ ಮುಟ್ಟಬೇಡಿ. ಪೊರಕೆಯಲ್ಲಿ ಗುಡಿಸಿ, ಸಣ್ಣ ಪುಡೀನ ಒದ್ದೆ ಪೇಪರಲ್ಲಿ ಒತ್ತಿ ತೆಗೀರಿ. ಎಲ್ಲಾನೂ ದಪ್ಪ ಪೇಪರಲ್ಲಿ ಸುತ್ತಿ ರಟ್ಟಿನ ಡಬ್ಬಿಗೆ ಹಾಕಿ. ಮೇಲೆ 'ಒಡೆದ ಗಾಜು' ಅಂತ ಬರೀರಿ."

"ಗ್ಲಾಸು ಅಂತ ಬರೆದ್ರೆ ನಿಮ್ಮನ್ನೇ ಸುತ್ತಿ ಗಾಡಿಗೆ ಹಾಕ್ತೀನಿ!" ಎಂದಳು ಟೈಲರಮ್ಮ.

ಗಂಡ ಎದ್ದು ಹೋಗಿ ಡಬ್ಬಿಯೊಂದನ್ನು ಹುಡುಕಿ ತಂದ. ಅದರ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದ. ತಂಗಿಗೆ ಇನ್ನೂ ಬೆರಳು ಮಡಚಲು ಬರುತ್ತಿಲ್ಲ.

ನಿಮ್ಮ ಮನೆಯಲ್ಲೂ ಇಂದು ಏನಾದರೂ ಒಡೆದೀತು. ಸುತ್ತಿ, ಬೇರೆಯಾಗಿ ಕೊಡಿ. ಕೊಡುವಾಗ ಬಾಯಿಬಿಟ್ಟು "ಒಡೆದ ಗಾಜು" ಅನ್ನಿ. ಕಸ ಎತ್ತುವ ಆ ಕೈ ನಿಮ್ಮ ಲೋಟ ನಿಮಗೆ ಹಿಂದಿರುಗಿಸಲು ಬರುವ ಕೈ.