ವರ್ಷಕ್ಕೊಮ್ಮೆ ಬರಿದಾಗುವ ಪೆಟ್ಟಿಗೆ

ಬೀಗದ ಕೆಲಸದಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ಅವನ ತೊಟ್ಟಿಲು ಇಟ್ಟ ಕೋಣೆಗೆ ಬೀಗ ಹಾಕಲು ನನ್ನನ್ನೇ ಕರೆಯಬೇಕು. ನಾನು ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ಬೀದಿಯ ಆ ತುದಿಯವರೆಗೆ ಬೀಗಗಳೆಲ್ಲ ತಾವಾಗಿಯೇ ಬಾಯಿ ಬಿಡುತ್ತವೆ. ಇಂಥ ನಾನು ಹೇಳುವ ಕಥೆಯನ್ನು ನಂಬಲು ನಿಮಗೇನು ಕಷ್ಟ?

ನನ್ನ ಅಂಗಡಿಯ ಪಕ್ಕದಲ್ಲೇ ಲಾಂಡ್ರಿ. ಅದನ್ನು ನಡೆಸುವವಳು ನಮ್ಮೆಲ್ಲರ ಬಾಯಲ್ಲಿ ಲಾಂಡ್ರಿಯಕ್ಕ. ಅವಳ ಗಂಡ, ಅಂದರೆ ನಮ್ಮ ಭಾವ, ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವವನು. ವರ್ಷದಲ್ಲಿ ಒಂದಿಷ್ಟು ದಿನ ಮನೆಗೆ ಬಂದು ಹೋಗುತ್ತಿದ್ದ. ಉಳಿದಂತೆ ಅವನಿಂದ ಬರುತ್ತಿದ್ದದ್ದು ಧ್ವನಿ ಮಾತ್ರ. ಅವನು ಬಿಟ್ಟುಹೋದ ಅಂಗಿಗಳನ್ನು ಅಕ್ಕ ಗಿರಾಕಿಗಳ ಬಟ್ಟೆಯ ಜೊತೆಗೇ ವಾರಕ್ಕೊಮ್ಮೆ ಒಗೆದು, ಇಸ್ತ್ರಿ ಮಾಡಿ, ಚೀಟಿ ಕಟ್ಟಿ ತೂಗುಹಾಕುತ್ತಿದ್ದಳು.

"ಯಾರೂ ಹಾಕ್ಕೊಳ್ಳದ ಅಂಗೀನ ಯಾಕಕ್ಕಾ ಒಗೀತೀಯಾ?" ಎಂದು ಕೇಳಿದರೆ, "ಧೂಳು ಕೂರುತ್ತಲ್ಲಪ್ಪಾ" ಅನ್ನುತ್ತಿದ್ದಳು. ನಮ್ಮ ಬೀದಿಯಲ್ಲಿ ಅಷ್ಟೊಂದು ಧೂಳು ಎಲ್ಲಿತ್ತೋ ನಾನು ಕಾಣೆ.

ಗಂಡ ಹೆಂಡತಿಯದು ಒಂದೇ ಆಸೆ. ದೊಡ್ಡದೊಂದು ಒಗೆಯುವ ಯಂತ್ರ ಕೊಂಡರೆ ಹೋಟೆಲುಗಳ ಹಾಸಿಗೆ ಬಟ್ಟೆಯ ಕೆಲಸ ಸಿಗುತ್ತದೆ. ಆ ಕೆಲಸ ಸಿಕ್ಕರೆ ಇಬ್ಬರ ಹೊಟ್ಟೆ ತುಂಬುತ್ತದೆ, ಭಾವ ಹಡಗು ಬಿಟ್ಟು ಮನೆಗೆ ಬಂದುಬಿಡಬಹುದು. ಆ ವರ್ಷ ಯಂತ್ರವೂ ಬಂತು. ಆನೆ ಮಲಗಿದರೆ ಹಿಡಿಸುವಷ್ಟು ದೊಡ್ಡದು. ಅದು ತಿರುಗತೊಡಗಿದರೆ ನನ್ನ ಅಂಗಡಿಯ ಸುತ್ತಿಗೆಗಳು ಒಂದಕ್ಕೊಂದು ಕುಶಲ ವಿಚಾರಿಸುತ್ತಿದ್ದವು. "ಇದೇ ಕೊನೇ ಸಲ ಹಡಗು ಹತ್ತಿರೋದು. ಮುಂದಿನ ಬೇಸಿಗೆಗೆ ನಾನೇ ಬಟ್ಟೆ ಹಿಂಡ್ತೀನಿ" ಎಂದು ಭಾವ ಫೋನಿನಲ್ಲಿ ಹೇಳಿದ್ದು ಬೀದಿಗೆಲ್ಲ ಗೊತ್ತಾಯಿತು. ನಾನೇ ಹೇಳಿದೆ.

ಈಗ ನಮ್ಮ ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ.

ನಮ್ಮ ಬೀದಿಯ ಅಂಗಡಿಯವರು ಕಂಪನಿಯ ವಿಮೆ ಮಾಡಿಸಿದವರಲ್ಲ. ನಮ್ಮದೇ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ತಿಂಗಳು ತಿಂಗಳು ಪ್ರತಿ ಅಂಗಡಿಯವನೂ ಅದಕ್ಕೆ ತನ್ನ ಪಾಲು ಹಾಕಬೇಕು. ಯಾರ ಅಂಗಡಿಗಾದರೂ ಬೆಂಕಿ ಬಿದ್ದರೆ, ಕಳ್ಳ ನುಗ್ಗಿದರೆ, ಅದರಿಂದ ತೆಗೆದು ಕೊಡುವುದು. ಬೀಗ ನನ್ನದು. ಆ ಬೀಗ ನೋಡಿ ಕಳ್ಳರು ವೃತ್ತಿ ಬಿಟ್ಟು ಶಾಲೆಗೆ ಸೇರಿದ್ದುಂಟು. ಪೆಟ್ಟಿಗೆಯ ಯಜಮಾನಿಕೆ ಸೋಫಾ ಮಾವನದು. ಅವನು ಕುರ್ಚಿ ಸೋಫಾಗಳಿಗೆ ಮೆತ್ತೆ ಕೂರಿಸುವವನು, ಎದೆ ಮುಟ್ಟಿ ಹೇಳುತ್ತೇನೆ, ಅಪ್ಪಟ ಪ್ರಾಮಾಣಿಕ.

ಆದರೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ವರ್ಷದ ಕೊನೆಯ ದಿನ ಎಲ್ಲರ ಎದುರು ಪೆಟ್ಟಿಗೆ ತೆರೆದು, ಖರ್ಚಾಗದೆ ಉಳಿದದ್ದನ್ನೆಲ್ಲ ಹಂಚಿಕೊಳ್ಳುವುದು. ತಳ ಕಾಣುವವರೆಗೆ ಹಂಚಿದರೇ ಸೋಫಾ ಮಾವನಿಗೆ ಸಮಾಧಾನ. "ನೋಡಿ, ಒಂದು ಚೂರೂ ಇಟ್ಕೊಂಡಿಲ್ಲ!" ಎಂದು ಪೆಟ್ಟಿಗೆಯನ್ನು ಬೋರಲು ಹಾಕಿ ತಟ್ಟಿ ತೋರಿಸುತ್ತಿದ್ದ. ನಾವು ಚಪ್ಪಾಳೆ ಹೊಡೆಯುತ್ತಿದ್ದೆವು.

ಆ ವರ್ಷ ಹಂಚಿಕೆಯ ದಿನ ಭಾವನ ತಂಗಿ ಬಂದಿದ್ದಳು. ವಿಮಾ ಕಂಪನಿಗಳ ಲೆಕ್ಕ ತಪಾಸಣೆ ಮಾಡುವ ಸರ್ಕಾರಿ ಕಚೇರಿಯಲ್ಲಿ ಅವಳಿಗೆ ಕೆಲಸ. ಗಟ್ಟಿ ಗಂಟಲಿನವಳು. ಕೆಲಸಕ್ಕೂ ನಗುವಿಗೂ ಜಗಳಕ್ಕೂ ಒಂದೇ ಧ್ವನಿ.

"ಇದೇನು ಮಾವ, ಏನು ಹಂಚ್ತಿದೀರಿ?"

"ಲಾಭ ಕಣಮ್ಮಾ, ಲಾಭ! ಈ ವರ್ಷಾನೂ ಯಾರಿಗೂ ಏನೂ ಆಗ್ಲಿಲ್ಲ."

"ನಾಳೆ ಆದ್ರೆ?"

"ನಿನ್ನ ಬಾಯಿಗೆ ಒಳ್ಳೇ ಮಾತೇ ಬರಲ್ವಾ?"

"ನನ್ನ ಬಾಯಿ ಹಾಗಿರ್ಲಿ. ನಾಳೆ ಬೆಂಕಿ ಬಿದ್ರೆ ಪೆಟ್ಟಿಗೆಯಲ್ಲಿ ಏನಿರುತ್ತೆ?"

"ಬೀಗದ ವಾಸನೆ ಇರುತ್ತೆ" ಎಂದೆ ನಾನು. ಎಲ್ಲರೂ ನಕ್ಕರು. ನನ್ನ ಹಾಸ್ಯಕ್ಕೆ ಗೋಡೆಗಳೂ ನಗುತ್ತವೆ. ಅವಳೊಬ್ಬಳು ನಗಲಿಲ್ಲ.

ಅವಳು ಲಾಂಡ್ರಿಯಕ್ಕನನ್ನು ಪಕ್ಕಕ್ಕೆ ಕರೆದಳು. "ಅತ್ತಿಗೆ, ಆ ಯಂತ್ರಕ್ಕೆ ನೋಂದಣಿ ಇರೋ ಕಂಪನೀಲಿ ವಿಮೆ ಮಾಡಿಸಿಬಿಡಿ. ಅಣ್ಣ ಸಮುದ್ರದಲ್ಲಿ ದುಡಿದದ್ದೆಲ್ಲ ಅದರಲ್ಲೇ ಇದೆ."

"ಹೋಗೇ, ಕಂಪನಿಯವರ ಮುಖ ಯಾರು ಕಂಡಿದ್ದಾರೆ? ಇಲ್ಲಿ ಒಬ್ಬೊಬ್ಬರ ಮುಖವೂ ಗೊತ್ತು. ಸೋಫಾ ಮಾವ ಒಂದು ಮೊಳೆಯನ್ನೂ ಕದಿಯೋನಲ್ಲ."

"ಕದಿಯೋದು ಬೇಡ ಅತ್ತಿಗೆ. ಹಂಚಿದ್ರೆ ಸಾಕು."

ಅಕ್ಕನಿಗೆ ಆ ಮಾತು ಹಿಡಿಸಲಿಲ್ಲ. ತನ್ನ ಪಾಲು ತೆಗೆದುಕೊಂಡು ಹೋಗಿ ಒಂದು ಕುರ್ಚಿ ಕೊಂಡು ತಂದಳು. ಗಲ್ಲಾದ ಹಿಂದೆ ತನ್ನ ಕುರ್ಚಿಯ ಪಕ್ಕದಲ್ಲಿ ಇಟ್ಟು, ದೂರ ನಿಂತು ನೋಡಿ, ಇನ್ನೂ ಸ್ವಲ್ಪ ಹತ್ತಿರಕ್ಕೆ ಎಳೆದಳು. "ಬಂದ್ಮೇಲೆ ಅವರೇನು ನಿಂತ್ಕೊಂಡೇ ಇರ್ಬೇಕಾ?" ಎಂದು ನನ್ನನ್ನೇ ಗದರಿಸಿದಳು. ನಾನು ಏನೂ ಕೇಳಿರಲಿಲ್ಲ.

ಹೊಸ ವರ್ಷದ ಮೊದಲ ವಾರವೇ, ಮಧ್ಯಾಹ್ನ, ಯಂತ್ರದ ಹಿಂದಿನ ಹಳೆಯ ವೈರು ಕಿಡಿ ಕಾರಿತು. ಒಣ ಬಟ್ಟೆಗೆ ಹೊತ್ತಿಕೊಂಡ ಬೆಂಕಿ ಎಷ್ಟು ಎತ್ತರಕ್ಕೆ ಹೋಯಿತೆಂದರೆ ಹಾರುವ ಹಕ್ಕಿಗಳು ದಾರಿ ಬದಲಿಸಿದವು. ನಾನೊಬ್ಬನೇ ಒಂದು ಕೆರೆಯಷ್ಟು ನೀರು ಹೊತ್ತು ಸುರಿದೆ. ಅಗ್ನಿಶಾಮಕದವರೂ ಅಲ್ಪಸ್ವಲ್ಪ ಸಹಾಯ ಮಾಡಿದರು ಅನ್ನಿ. ಅಕ್ಕ ಹೊರಗೆ ಬಂದಿದ್ದಳು, ಕೂದಲೂ ಕೊಂಕಿರಲಿಲ್ಲ. ಒಳಗಿದ್ದದ್ದು ಮಾತ್ರ ಏನೂ ಉಳಿಯಲಿಲ್ಲ. ಯಂತ್ರ, ಇಸ್ತ್ರಿ ಮೇಜು, ಭಾವನ ಅಂಗಿಗಳು, ಎಲ್ಲ.

ಸೋಫಾ ಮಾವ ಪೆಟ್ಟಿಗೆ ತಂದ. ನನ್ನ ಬೀಗ ಎಂದಿನಂತೆ ಗತ್ತಿನಲ್ಲಿ ತೆರೆದುಕೊಂಡಿತು. ಒಳಗೆ ಆ ವಾರ ಮುಂಚಿತವಾಗಿ ಪಾಲು ಹಾಕಿದ ಒಬ್ಬಿಬ್ಬರ ಚಿಲ್ಲರೆ ಇತ್ತು. ಮಾವ ಪೆಟ್ಟಿಗೆಯ ಮುಂದೆ ಕುಳಿತು ಮಗುವಿನ ಹಾಗೆ ಅತ್ತುಬಿಟ್ಟ. ಹಂಚಿಕೊಂಡದ್ದನ್ನು ಮರಳಿ ಕೊಡೋಣವೆಂದರೆ, ಒಬ್ಬನ ಪಾಲು ಅವನ ಕಾಲಲ್ಲಿ ಹೊಸ ಬೂಟಾಗಿತ್ತು, ಇನ್ನೊಬ್ಬನದು ಗೋಡೆಯ ಮೇಲೆ ಬಣ್ಣವಾಗಿತ್ತು. ಯಾರೂ ಕದ್ದಿರಲಿಲ್ಲ. ಯಾರ ಬಳಿಯೂ ಇರಲಿಲ್ಲ.

ಸಂಜೆ ಭಾವನಿಗೆ ಫೋನು ಸಿಕ್ಕಿತು, ನನ್ನ ಅಂಗಡಿಯಿಂದಲೇ.

"ನಿನಗೇನೂ ಆಗಿಲ್ವಲ್ಲ?"

"ಇಲ್ಲ."

"ಕೈಗೆ, ಕಾಲಿಗೆ?"

"ಇಲ್ಲಾಂದ್ನಲ್ಲ. ಯಂತ್ರ ಹೋಯ್ತು ಕಣ್ರೀ."

ಆ ಕಡೆ ಎಂಜಿನ್ನಿನ ಸದ್ದು ಕೇಳುತ್ತಿತ್ತು. "ಹಾಗಾದ್ರೆ ಹಡಗಿನ ಒಪ್ಪಂದಕ್ಕೆ ಇನ್ನೊಂದ್ಸಲ ಸಹಿ ಹಾಕ್ತೀನಿ" ಅಂದ ಭಾವ. ಅಕ್ಕ ಸುಮ್ಮನಿದ್ದಳು. ಏನನ್ನಾದರೂ ಹತ್ತರಷ್ಟು ಮಾಡಿ ಹೇಳಬಲ್ಲ ನನಗೂ ಆ ಮೌನವನ್ನು ಇನ್ನಷ್ಟು ದೊಡ್ಡದು ಮಾಡಲು ಆಗುವುದಿಲ್ಲ. ಅದು ಇದ್ದದ್ದೇ ಅಷ್ಟು ದೊಡ್ಡದು.

ಮುಂದಿನ ತಿಂಗಳುಗಳಲ್ಲಿ ಅಕ್ಕ ಹಿತ್ತಲಿನಲ್ಲಿ ಬಕೀಟು ಇಟ್ಟುಕೊಂಡು ಕೈಯಲ್ಲೇ ಬಟ್ಟೆ ಒಗೆದಳು. ಭಾವ ಹೊಸ ಒಪ್ಪಂದದ ಮುಂಗಡ ಕಳಿಸಿದ. ಹಳೆಯದೊಂದು ಯಂತ್ರ ಗೊತ್ತುಮಾಡಿದ್ದಾಯಿತು. ಆಗ ಅಕ್ಕನ ನಾದಿನಿ, ಅದೇ ಭಾವನ ತಂಗಿ, ಮತ್ತೆ ಬಂದಳು. ನನ್ನ ಅಂಗಡಿಯಲ್ಲೇ ಸಭೆ. ಸೋಫಾ ಮಾವನೂ ಬಂದು ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತ.

"ಈಗಲಾದ್ರೂ ವಿಮೆ ಮಾಡಿಸ್ತೀರಾ ಅತ್ತಿಗೆ?"

"ಇಲ್ಲ" ಎಂದಳು ಅಕ್ಕ. "ಗುರುತಿನವರೇ ಹಂಚಿಕೊಂಡು ಕೂತರು. ಗುರುತಿಲ್ಲದವರು ಬಿಡ್ತಾರಾ? ಅವರೂ ವರ್ಷದ ಕೊನೆಗೆ ಹಂಚ್ಕೋತಾರೆ. ತಟ್ಟೆ ಇನ್ನೂ ದೊಡ್ಡದಿರುತ್ತೆ, ಅಷ್ಟೇ."

"ಹಂಚೋಕೆ ನಾವು ಬಿಡಬೇಕಲ್ಲ!" ನಾದಿನಿ ಮೇಜು ಕುಟ್ಟಿದಳು. ನನ್ನ ಬೀಗವೊಂದು ತಾನಾಗಿ ಮುಚ್ಚಿಕೊಂಡಿತು. "ಕೇಳಿ. ನೀವು ಒಂದು ವರ್ಷಕ್ಕೆ ಕಂತು ಕಟ್ಟಿದ್ರಿ ಅಂದ್ಕೊಳ್ಳಿ. ಆರು ತಿಂಗಳು ಆಯ್ತು. ಉಳಿದ ಆರು ತಿಂಗಳ ಕಂತು ಕಂಪನಿ ಕೈಲಿದ್ರೂ ಅದನ್ನ ಆದಾಯ ಅಂತ ಬರೆಯೋ ಹಾಗಿಲ್ಲ. ಆ ತಿಂಗಳುಗಳು ಇನ್ನೂ ಬಂದಿಲ್ಲ, ಆ ತಿಂಗಳ ಬೆಂಕಿಯೂ ಬಂದಿಲ್ಲ. ಅದನ್ನ ಪಕ್ಕಕ್ಕೆ ಎತ್ತಿಡಬೇಕು. ಮೀಸಲು ಅಂತಾರೆ ಅದಕ್ಕೆ."

"ನಾನು ಅದನ್ನೇ ಲಾಭ ಅಂತಿದ್ದೆ" ಎಂದ ಸೋಫಾ ಮಾವ, ನೆಲ ನೋಡುತ್ತಾ.

"ಹೂಂ ಮಾವ. ವರ್ಷ ಮುಗಿದಿದ್ರೂ ಅಷ್ಟೇ. ಆಗಿರೋ ನಷ್ಟಕ್ಕೆ ಕೊಡಬೇಕಾದದ್ದು ಬಾಕಿ ಇದ್ರೆ ಅದನ್ನೂ ತೆಗೆದಿಡಬೇಕು. ಅದರ ಮೇಲೆ ಮಾಲೀಕರ ಸ್ವಂತ ಬಂಡವಾಳ ಬೇರೆ ಇರಬೇಕು, ಒಂದೇ ದಿನ ಹತ್ತು ಅಂಗಡಿ ಸುಟ್ರೂ ತಡೆಯೋ ಹಾಗೆ. ಹೊರಗಿನ ಲೆಕ್ಕಪರಿಶೋಧಕರು ನೋಡ್ತಾರೆ. ಆಮೇಲೆ ನಾವು ನೋಡ್ತೀವಿ. ಕಡಿಮೆ ಇಟ್ಟಿದ್ರೆ ಹೊಸ ವಿಮೆ ಮಾರೋದನ್ನೇ ನಿಲ್ಲಿಸಬಹುದು."

"ಮತ್ತೆ ತೆರಿಗೆ?" ಮಾವ ತಲೆ ಎತ್ತಿದ. "ನಮ್ಮ ಪೆಟ್ಟಿಗೆಗೆ ತೆರಿಗೆ ಇರ್ಲಿಲ್ಲ. ಅವರು ಕಟ್ಟೋ ತೆರಿಗೆ ನಮ್ಮ ತಲೆ ಮೇಲೇ ತಾನೇ ಬರೋದು?"

"ಸ್ವಲ್ಪ ಬರುತ್ತೆ, ಸುಳ್ಳು ಹೇಳಲ್ಲ. ಆದ್ರೆ ತೆರಿಗೆ ಕಚೇರಿಯೋರು ಏನು ಕೇಳ್ತಾರೆ ಗೊತ್ತಾ? 'ಮೀಸಲು ಅಂತ ಯಾಕಿಷ್ಟು ಜಾಸ್ತಿ ತೋರಿಸಿದೀರಿ, ಲಾಭ ಮುಚ್ಚಿಡ್ತಿದೀರಾ?' ಅಂತ. ನಾವು ಕೇಳೋದು, 'ಯಾಕಿಷ್ಟು ಕಡಿಮೆ ಇಟ್ಟಿದೀರಿ?' ಅಂತ. ಇಬ್ಬರು ಅತ್ತೆಯರ ಮಧ್ಯೆ ಸಿಕ್ಕ ಸೊಸೆ ಕಥೆ. ಒಬ್ಬಳು ಉಪ್ಪು ಜಾಸ್ತಿ ಅಂತಾಳೆ, ಇನ್ನೊಬ್ಬಳು ಕಡಿಮೆ ಅಂತಾಳೆ. ಪಾಪ, ಆ ಸೊಸೆ ಅಡುಗೆಮನೇಲಿ ಕೈ ಅಳತೆಗೆ ಹಾಕೋ ಹಾಗಿಲ್ಲ, ತೂಗಿ ಹಾಕಬೇಕು."

ಸುಟ್ಟ ದಿನದಿಂದ ಮೊದಲ ಸಲ ಅಕ್ಕ ನಕ್ಕಳು. ಆಮೇಲೆ ನಗು ನಿಲ್ಲಿಸಿ ಒಂದೇ ಒಂದು ಪ್ರಶ್ನೆ ಕೇಳಿದಳು.

"ಮತ್ತೆ ಯಂತ್ರ ಸುಟ್ಟರೆ, ಅವರು ಮತ್ತೆ ಹಡಗು ಹತ್ತೋದು ಬೇಡ ತಾನೇ?"

ನಾದಿನಿಯ ಧ್ವನಿ ಮೊದಲ ಬಾರಿಗೆ ಇಳಿಯಿತು. "ಪಾಲಿಸಿಯಲ್ಲಿ ಬೆಂಕಿ ಅಂತ ಬರೆದಿದ್ದು, ನೀವು ನಿಜ ಹೇಳಿ ಮಾಡಿಸಿದ್ರೆ, ಯಂತ್ರಕ್ಕೆ ಕಂಪನಿ ಕೊಡುತ್ತೆ. ಕೊಡದೆ ಸತಾಯಿಸಿದ್ರೆ ದೂರು ಕೇಳೋ ಅಧಿಕಾರಿ ಇದ್ದಾರೆ. ಪಾಲಿಸಿಯಲ್ಲಿ ಬರೆಯದೇ ಇರೋದಕ್ಕೆ ಮಾತ್ರ ಯಾರೂ ಕೊಡಲ್ಲ. ಅದಕ್ಕೇ ಓದಿ ಸಹಿ ಹಾಕಿ ಅನ್ನೋದು. ಅತ್ತಿಗೆ, ನಂಗೂ ಅಣ್ಣ ಬೇಕು. ನಾನು ಅವನ ಜೊತೆ ಜಗಳ ಆಡಿ ಎಷ್ಟು ದಿನ ಆಯ್ತು."

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು, "ಕರಿ ನಿನ್ನ ಕಂಪನಿಯೋರನ್ನ" ಎಂದಳು.

"ನನ್ನ ಕಂಪನಿ ಅಂತ ಯಾವುದೂ ಇಲ್ಲ. ನಮ್ಮ ಕಚೇರಿಯ ಪಟ್ಟೀಲಿ ಹೆಸರಿರೋದನ್ನ ನೀವೇ ಆರಿಸ್ಕೊಳ್ಳಿ."

ಏಜೆಂಟು ಬಂದ ದಿನ ನೋಡಬೇಕಿತ್ತು. ಅವನು ಕೂರುವ ಮೊದಲೇ ಅಕ್ಕ ಪರವಾನಗಿ ಕೇಳಿದಳು. ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದಳು. ಕಂಪನಿಯ ನೋಂದಣಿ ಸಂಖ್ಯೆಯನ್ನು ಪಟ್ಟಿಗೆ ತಾಳೆ ನೋಡಿದ ಮೇಲೆಯೇ ಅವನಿಗೆ ಕುರ್ಚಿ. ಸೋಫಾ ಮಾವ ಅವಳ ಕಿವಿಯಲ್ಲಿ, "ಹಳೇ ವೈರಿನ ವಿಷ್ಯ ಹೇಳ್ಬೇಡಮ್ಮ, ಕಂತು ಜಾಸ್ತಿ ಆಗುತ್ತೆ" ಎಂದ. ಅಕ್ಕ ಬೀದಿಗೆಲ್ಲ ಕೇಳುವಂತೆ ಹೇಳಿದಳು: "ಬರ್ಕೊಳ್ಳಿ ಸ್ವಾಮಿ. ಅಂಗಡಿಯ ವೈರೆಲ್ಲ ಹಳೇದು, ಹೋದ ಸಲ ಅದರಿಂದಲೇ ಸುಟ್ಟದ್ದು. ಈ ವಾರ ಬದಲಾಯಿಸ್ತಿದೀನಿ." ನಾಮಿನಿ ಜಾಗದಲ್ಲಿ ಗಂಡನ ಹೆಸರು ಬರೆಸಿದಳು. ರಸೀದಿ ಕೈಗೆ ಬಂದ ಮೇಲೆಯೇ ಅವನಿಗೆ ನೀರು ಕೊಟ್ಟಳು.

ಇಡೀ ಬೀದಿ ಅವಳ ಹಿಂದೆ ಸಾಲು ನಿಂತಿತು. ಸಾಲಿನ ಬಾಲ ಪಕ್ಕದ ಊರಿಗೆ ತಲುಪಿತ್ತು ಎಂದರೆ ನೀವು ನಂಬಬೇಕು. ಸೋಫಾ ಮಾವ ಎಲ್ಲ ಅಂಗಡಿಗಳಿಗೂ ಸೇರಿಸಿ ಗುಂಪು ವಿಮೆ ಮಾಡಿಸಲು ಓಡಾಡಿದ.

ಪಾಲಿಸಿ ಪತ್ರ ಬಂದ ದಿನ ಭಾವನ ಫೋನು ಬಂತು. ನಮ್ಮಿಬ್ಬರ ಅಂಗಡಿಗಳ ನಡುವಿನ ಗೋಡೆ ತೆಳು. ನನ್ನ ಕಿವಿಯೋ, ಇರುವೆ ಆಕಳಿಸಿದರೂ ಕೇಳಿಸಿಕೊಳ್ಳುವಂಥದ್ದು.

"ಏನು ಬರ್ದಿದ್ದಾರೆ, ಓದು" ಎಂದ ಭಾವ.

ಅಕ್ಕ ಓದತೊಡಗಿದಳು. ಬೆಂಕಿ, ಸಿಡಿಲು, ಸ್ಫೋಟ. ಯಾವುದಕ್ಕೆ ಪರಿಹಾರ ಉಂಟು, ಯಾವುದಕ್ಕೆ ಇಲ್ಲ. ನಷ್ಟವಾದರೆ ಯಾರಿಗೆ ತಿಳಿಸಬೇಕು, ದೂರು ಎಲ್ಲಿ ಕೊಡಬೇಕು. ಸಣ್ಣ ಅಕ್ಷರದ ಷರತ್ತುಗಳನ್ನೂ ಬಿಡಲಿಲ್ಲ. ಓದಿ ಮುಗಿಸಿ, "ಅಷ್ಟೇ" ಎಂದಳು.

"ಇನ್ನೊಂದ್ಸಲ ಓದು."

"ಯಾವುದು ಅರ್ಥ ಆಗ್ಲಿಲ್ಲ?"

"ಎಲ್ಲಾ ಅರ್ಥ ಆಯ್ತು. ಎಲ್ಲಿಂದಾದ್ರೂ ಓದು. ನಿನ್ನ ಧ್ವನಿ ಕೇಳ್ತಾ ಇರ್ಲಿ."

ಅಕ್ಕ ಮೊದಲ ಪುಟಕ್ಕೆ ತಿರುಗಿಸಿದಳು.

ಓದುಗರೇ, ನಿಮ್ಮ ಮನೆಯಿಂದಲೂ ಯಾರಾದರೂ ದೂರ ಹೋಗಿ ದುಡಿಯುತ್ತಿರಬಹುದು. ಅವರು ಕಳಿಸಿದ್ದು ನಿಮ್ಮ ಅಂಗಡಿಯಾಗಿ, ಯಂತ್ರವಾಗಿ, ಮನೆಯಾಗಿ ನಿಂತಿರಬಹುದು. ಅದನ್ನು ನೋಂದಣಿ ಇರುವ ಕಂಪನಿಯಲ್ಲೇ ವಿಮೆ ಮಾಡಿಸಿ. ಏಜೆಂಟರ ಪರವಾನಗಿ ಕೇಳಲು ನಾಚಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ರಸೀದಿ ಪಡೆಯಿರಿ, ಪಾಲಿಸಿಯನ್ನು ಕೊನೆಯ ಸಾಲಿನವರೆಗೆ ಓದಿ. "ನಮಗೆ ಯಾರ ತಪಾಸಣೆಯೂ ಇಲ್ಲ, ಅದಕ್ಕೇ ಅಗ್ಗ" ಎನ್ನುವವರು ಎಷ್ಟೇ ಒಳ್ಳೆಯವರಾಗಿರಲಿ, ಕೈ ಮುಗಿದು ಕಳಿಸಿಬಿಡಿ. ಸುಟ್ಟ ಯಂತ್ರಕ್ಕೆ ಬದಲು ಯಂತ್ರ ಸಿಗುತ್ತದೆ. ಅದಕ್ಕಾಗಿ ಒಬ್ಬ ಮನುಷ್ಯ ಮತ್ತೆ ದೂರದಲ್ಲಿ ಕಳೆದ ವರ್ಷವನ್ನು ಯಾವ ಕಂಪನಿಯೂ ತುಂಬಿಕೊಡುವುದಿಲ್ಲ. ಇದರಲ್ಲಿ ಮಾತ್ರ ನಾನು ಒಂದು ಅಕ್ಷರವನ್ನೂ ಉತ್ಪ್ರೇಕ್ಷೆ ಮಾಡಿಲ್ಲ.