ಹೆಣ ಹೋಗುವ ದಾರಿ

ಕ್ರಿಸ್ಪುಲೋ ಮಾವ ತೆಂಗಿನ ಮರದಿಂದ ಬಿದ್ದು ಸತ್ತಾಗ ರಿಸಾರ್ಟಿನ ಅತಿಥಿಗಳು ಇನ್ನೂ ಎದ್ದಿರಲಿಲ್ಲ. ಅವರು ಏಳುವುದರೊಳಗೆ ರಕ್ತ ಹೀರಿದ ಮರಳನ್ನು ಬಕೆಟ್ಟಿನಲ್ಲಿ ತುಂಬಿ ಆಚೆ ಸಾಗಿಸಿದ್ದರು. ಹೊಸ ಮರಳು ಹರಡಿ, ಬಾಚಿ, ಮೇಲೆ ಒರಗು ಕುರ್ಚಿ ಹಾಕಿದ್ದರು. ಆ ಕುರ್ಚಿಗೆ ಟವೆಲ್ ಹಾಸಿದವಳು ನಾನೇ. ಅದರಡಿ ಏನಾಗಿತ್ತೆಂದು ಆಮೇಲೆ ಗೊತ್ತಾಯಿತು.

ಅತಿಥಿಗಳ ತಲೆ ಮೇಲೆ ಕಾಯಿ ಬೀಳಬಾರದು. ಅದಕ್ಕೇ ಮರ ಹತ್ತಿ ಗೊನೆ ಇಳಿಸುವುದು ಮಾವನ ಕೆಲಸ. ಅವತ್ತು ಗಾಳಿ ಜೋರಿತ್ತು. "ನಾಳೆ ಹತ್ತೀನಿ" ಅಂದನಂತೆ. "ನಾಳೆಗೆ ಬೇರೆಯವ್ರನ್ನ ನೋಡ್ಕೋತೀನಿ" ಅಂದನಂತೆ ಮ್ಯಾನೇಜರ್ ಎಫ್ರೆನ್. ಎಫ್ರೆನ್ ನಮ್ಮ ದ್ವೀಪದವನೇ. ಮಾವನೇ ಅವನಿಗೆ ಈಜು ಕಲಿಸಿದ್ದು.

ನಮ್ಮ ಸ್ಮಶಾನ ಇರುವುದು ದಡದ ಆ ತುದಿಯಲ್ಲಿ, ರಿಸಾರ್ಟ್ ದಾಟಿ. ಮೊದಲು ಮರಳ ಮೇಲೇ ನಡೆದು ಹೋಗುತ್ತಿದ್ದೆವು. ಮನಿಲಾದಿಂದ ಮಾಲೀಕ ಬಂದ. ನೀರಿನ ತನಕ ಬೇಲಿ ಎಳೆದ. ಗೇಟಿಗೆ ಕಾವಲು ಹಾಕಿದ.

ಮಾವನ ಹೆಂಡತಿ ಅನೆಸಿಟಾ ಅತ್ತೆಯನ್ನು ಕರೆದುಕೊಂಡು ನಾನು ಗೇಟಿಗೆ ಹೋದೆ. ಎಫ್ರೆನ್ ಬಂದ.

"ದೋಣೀಲಿ ತಗೊಂಡೋಗಿ ಅತ್ತೆ, ಸುತ್ತು ಹಾಕ್ಕೊಂಡು."

"ಅಲೆ ನೋಡಿದ್ಯೇನ್ಲಾ? ಹೆಣಾನೂ ಮುಳುಗ್ತದೆ, ಹೊತ್ತವ್ರೂ ಮುಳುಗ್ತಾರೆ."

"ಹಂಗಾರೆ ಸಮುದ್ರ ತಣ್ಣಗಾಗೋಗಂಟ ಕಾಯಿರಿ. ಜನ ಎಲ್ಲೆಲ್ಲಿಂದಲೋ ಬಂದವ್ರೆ, ನಾಕು ದಿನ ಖುಸಿಯಾಗಿರಕ್ಕೆ. ಅವ್ರು ಉಣ್ಣೋವಾಗ ಮುಂದೆ ಹೆಣ ಹೊತ್ಕೊಂಡೋದ್ರೆ?"

"ಈ ಸೆಕೇಲಿ ಹೆಣ ಕಾಯ್ತದಾ?"

"ಮಾಲೀಕ್ರ ಆರ್ಡರು. ನನ್ ಕೈಲಿ ಏನೈತೆ?"

"ನಿನ್ ಕೈಲಿ ಬೀಗದ ಕೈ ಐತೆ" ಅಂದಳು ಅತ್ತೆ. ಅವನು ಅದನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದ.

ಎರಡು ದಿನ ಕಾದೆವು. ಅಲೆ ಇಳಿಯಲಿಲ್ಲ. ಮನೆಯೊಳಗೆ ನಿಲ್ಲಲಾಗದ ವಾಸನೆ. ಮೂರನೇ ದಿನ ಕೇರಿಯವರೆಲ್ಲ ಸೇರಿ ಹೆಣದ ಪೆಟ್ಟಿಗೆ ಎತ್ತಿದೆವು. ಗೇಟಿನ ಕಾವಲುಗಾರ ನೆಸ್ಟರ್ ಪೆಟ್ಟಿಗೆ ನೋಡಿದ. ಟೋಪಿ ತೆಗೆದ. ತನ್ನ ಹತ್ತಿರವಿದ್ದ ಕೀಲಿಯಿಂದ ಬೀಗ ತೆಗೆದು ಪಕ್ಕಕ್ಕೆ ಸರಿದ.

ಮಧ್ಯಾಹ್ನದ ಊಟದ ಹೊತ್ತು. ಸುಟ್ಟ ಮೀನು, ಬಿಯರು, ಗಿಟಾರು. ನಮ್ಮನ್ನು ಕಂಡು ಎಫ್ರೆನ್ ಓಡಿ ಬಂದ. ನಾವು ಬಹಳ ಜನ, ತಡೆಯಲಾಗಲಿಲ್ಲ. ತಿರುಗಿ ಹೋಗಿ ಹಾಡುಗಾರನ ಕೈಯಿಂದ ಮೈಕು ಕಿತ್ತುಕೊಂಡ. ಇಂಗ್ಲಿಷಿನಲ್ಲಿ ಕೂಗಿದ: "ನಮ್ಮ ದ್ವೀಪದ ಹಳೆಯ ಆಚರಣೆ! ಇವತ್ತು ನಿಮಗಾಗಿ ವಿಶೇಷ ಪ್ರದರ್ಶನ!"

ಚಪ್ಪಾಳೆ ಬಿತ್ತು. ಫೋನುಗಳು ಮೇಲೆದ್ದವು. ಚಡ್ಡಿ ತೊಟ್ಟ ಒಬ್ಬ ನಮ್ಮ ಸಾಲಿಗೆ ಸೇರಿ ಸೊಂಟ ಕುಣಿಸಿದ.

"ಯಾಕವ್ವಾ ಚಪ್ಪಾಳೆ ತಟ್ತಾವ್ರೆ?" ಅತ್ತೆ ಕೇಳಿದಳು. ಹೇಳಿದೆ.

"ಇಳಿಸ್ರೋ."

ಊಟದ ಮೇಜುಗಳ ನಡುವೆಯೇ ಪೆಟ್ಟಿಗೆ ಇಳಿಸಿದರು. ಅತ್ತೆ ಮುಚ್ಚಳ ಎತ್ತಿದಳು. ಮಾವನ ಮುಖ ಊದಿತ್ತು. ಒಡೆದ ತಲೆಗೆ ಕಟ್ಟಿದ ಬಟ್ಟೆ ಕಪ್ಪಾಗಿತ್ತು.

"ಈಗ ತಟ್ರಪ್ಪಾ. ನೋಡಾನ."

ಭಾಷೆ ತಿಳಿಯದಿದ್ದರೂ ಎಲ್ಲರಿಗೂ ಅರ್ಥವಾಯಿತು. ಗಿಟಾರು ನಿಂತಿತು. ಕುಣಿದವನು ಬಾಯಿ ಮುಚ್ಚಿಕೊಂಡು ನೀರಿನ ಕಡೆ ಓಡಿದ. ಒಬ್ಬ ಹುಡುಗಿ ನನ್ನ ತೋಳು ಹಿಡಿದು, "ಏನಾಯಿತು ಇವರಿಗೆ?" ಅಂದಳು.

ಅತಿಥಿಗಳೊಂದಿಗೆ ನಾವು ಕೆಲಸದವರು ಗುಡ್ ಮಾರ್ನಿಂಗ್ ಬಿಟ್ಟು ಬೇರೆ ಮಾತಾಡುವಂತಿಲ್ಲ.

"ನೀವೆಲ್ಲ ಕೆಳಗೆ ಕೂರ್ತೀರಲ್ಲ, ಆ ಮರದಿಂದ ಬಿದ್ದ" ಅಂದೆ. "ಬೇಡ ಅಂದ್ರೂ ಹತ್ತಿಸಿದ್ರು. ಅವನ ರಕ್ತ ಬಾಚಿ ನಿಮಗೆ ಕುರ್ಚಿ ಹಾಕಿದ್ರು."

"ನಿನ್ ಕೆಲ್ಸ ಹೋಯ್ತು!" ಎಫ್ರೆನ್ ಕಿರುಚಿದ. ಮೈಕು ಅವನ ಕೈಯಲ್ಲೇ ಇತ್ತು. ಇಡೀ ದಡಕ್ಕೆ ಕೇಳಿಸಿತು.

ನಾವು ಪೆಟ್ಟಿಗೆ ಎತ್ತಿಕೊಂಡು ಹೋಗಿ ಮಾವನನ್ನು ಮಣ್ಣು ಮಾಡಿದೆವು.

ಮರುದಿನ ಗೇಟಿಗೆ ತಗಡು ಹೊಡೆದು ಪೂರಾ ಮುಚ್ಚಿದರು. ನೆಸ್ಟರನನ್ನೂ ಮನೆಗೆ ಕಳಿಸಿದರು. ಪೊಲೀಸರು ಬಂದು, ಮತ್ತೆ ಆ ಕಡೆ ಕಾಲಿಟ್ಟರೆ ಒಳಗೆ ಹಾಕುತ್ತೇವೆ ಅಂದು ಹೋದರು. ಮಾವ ಯಾಕೆ ಸತ್ತ ಅಂತ ಒಬ್ಬನೂ ಕೇಳಲಿಲ್ಲ.

ಮಾವ ಸತ್ತು ಇವತ್ತು ಒಂಬತ್ತನೇ ದಿನ. ಗೋರಿಯ ಹತ್ತಿರ ಪ್ರಾರ್ಥನೆ ಆಗಬೇಕು. ನಮ್ಮ ಮನೆ ಬಾಗಿಲಲ್ಲಿ ಅನೆಸಿಟಾ ಅತ್ತೆ ನಿಂತಿದ್ದಾಳೆ. ಅವಳ ಹಿಂದೆ ಇಡೀ ಕೇರಿ.

"ಮೇಣದ ಬತ್ತಿ ತಗೊಂಡ್ಯಾ?"

"ತಗೊಂಡೆ ಅತ್ತೆ."

"ಹೂವ?"

"ಹೂವಾನೂ."

"ಹಾರೆ?"