ಸಣ್ಣ ಗಾಲಿ

ಹಾರೆ ಟಣ್ಣೆಂದು ಪುಟಿದು ಪರಸಪ್ಪನ ಮೊಳಕಾಲಿಗೆ ಬಡಿಯಿತು. ಕುಣಿ ಎರಡೂವರೆ ಅಡಿ ಇಳಿದಿತ್ತು. ಅದರ ಕೆಳಗೆಲ್ಲ ಕರಿಗಲ್ಲು. ಮಸೂತಿ ಊರಿನ ಕಲ್ಲೆಂದರೆ ಸಾಮಾನ್ಯವಲ್ಲ, ಅದಕ್ಕೆ ಬಡಿದ ಸಿಡಿಲು ಕುಂಟುತ್ತ ಮೋಡಕ್ಕೆ ವಾಪಸು ಹೋಗುತ್ತದೆ. ಮುಂಜಾನೆಯಿಂದ ಏಳು ಹಾರೆ ಬಾಗಿದ್ದವು. ಎಂಟನೆಯದು ಊರಲ್ಲಿರಲಿಲ್ಲ.

"ಜಾಗಾ ಬದಲಿ ಮಾಡೂಣು ವೈನಿ," ಎಂದ ಪರಸಪ್ಪ. ಸತ್ತ ಅಮಸಿದ್ದ ಅವನ ಅಣ್ಣ. "ಹೊತ್ತು ಮುಣಗೂದರಾಗ ಮಣ್ಣು ಆಗಬೇಕು."

ಬೇವಿನ ಗಿಡದ ಕೆಳಗೆ ಗಂಡನ ಹೆಣದ ತಲೆಗಡೆ ಕೂತಿದ್ದ ತಿಪ್ಪವ್ವ ಮುಖ ಎತ್ತಲಿಲ್ಲ. "ಸಾಯೂಮುಂದ ಅವ್ವನ ಬಾಜೂಕ ಹಾಕು ಅಂದಾರ. ಅಲ್ಲೇ ಹಾಕ್ರಿ."

"ಇಷ್ಟ ಮ್ಯಾಲ ಹಾಕಿದ್ರ ನರಿ ಬಿಡತಾವೇನು?"

ಎಲ್ಲರೂ ಗುಡ್ಡ ನೋಡಿದರು, ಆಮೇಲೆ ಸೂರ್ಯನನ್ನು ನೋಡಿದರು. ಮಣ್ಣಿಗೆ ಬಂದು ಬಸ್ಸಿನ ಚಿಂತೆ ಹತ್ತಿದ ಬೀಗನಂತೆ ಅವನು ಅವಸರದಲ್ಲಿದ್ದ.

"ಮಷಿನ್ ತರೂಣು," ಎಂದ ಇಸಾಕ. ಬಾವಿಗಳ ತಳದಲ್ಲಿ ಅಮಸಿದ್ದನ ಡ್ರಿಲ್ ಹಿಡಿಯುತ್ತಿದ್ದವನು ಅವನೇ.

* * *

ಡ್ರಿಲ್ಲಿಗೆ ಗಾಳಿ ಒತ್ತುವ ಆ ಕಂಪ್ರೆಸರನ್ನು ಊರಿನ ಶಂಕರೆಪ್ಪ ಗೌಡರು ಎಪ್ಪತ್ನಾಲ್ಕರಲ್ಲಿ ಸೊಲ್ಲಾಪುರದ ಲಿಲಾವಿನಲ್ಲಿ ಸವಾಲು ಕೂಗಿ ಹಿಡಿದು ತಂದಿದ್ದರು. ಅದು ಆನೆಯಷ್ಟಿತ್ತು, ಅದೂ ಮರಿಯಾನೆಯಲ್ಲ. ಅದರ ಸ್ವಂತ ಇಂಜಿನ್ನು ಸುಟ್ಟುಹೋಗಿತ್ತು. ಗೌಡರು ಹಿಟ್ಟಿನ ಗಿರಣಿಯ ಮೂವತ್ತು ಕುದುರೆ ಶಕ್ತಿಯ ಇಂಜಿನ್ನು ತಂದು ಪಕ್ಕಕ್ಕೆ ನಿಲ್ಲಿಸಿ, ಎರಡರ ಗಾಲಿಗೂ ಸೇರಿಸಿ ಪಟ್ಟಾ ಹಾಕಿಸಿದರು. ಇಂಡಿಯಿಂದ ಮುದ್ದೇಬಿಹಾಳದ ತನಕದ ನಲವತ್ತು ಮಿಸ್ತ್ರಿಗಳು ಬಂದು, ಚಹಾ ಕುಡಿದು, ಈ ಇಂಜಿನ್ನು ಅದನ್ನು ಎಳೆಯುವುದಿಲ್ಲ ಎಂದು ಹೇಳಿ ಹೋದರು.

ಅಲ್ಲಿಯವರೆಗೆ ಕುರಿ ಕಾಯುತ್ತಿದ್ದ ಅಮಸಿದ್ದ ಮೂರು ದಿನ ರೆಪ್ಪೆ ಬಡಿಯದೆ ಅದನ್ನು ನೋಡಿದ. ನಾಲ್ಕನೆಯ ದಿನ ಇಂಜಿನ್ನಿನ ಗಾಲಿ ಬಿಚ್ಚಿ ಅರ್ಧದಷ್ಟು ಸಣ್ಣದನ್ನು ಹಾಕಿಸಿದ.

"ಎತ್ತಿನ ಜೋಡಿ ಆಡು ಕಟ್ಟಿದ್ರ, ಆಡಿನ ನಡಿಗಿಗೆ ಎತ್ತು ನಡೀಬೇಕ್ರಿ ಗೌಡ್ರ. ಮಷಿನ್ ಸಾವಕಾಶ ತಿರಗತೈತಿ, ಗಾಳಿ ಕಡಿಮಿ ಬರತೈತಿ. ಎರಡು ಡ್ರಿಲ್ ನಡ್ಯಾಂಗಿಲ್ಲ, ಒಂದು ನಡೀತೈತಿ."

ನಡೆಯಿತು. ಗಾಳಿ ಹೊರಗೆ ಬಿಡುವ ನಲ್ಲಿಯಂಥ ಕಾಕು ತೆರೆದಿಟ್ಟು ಇಂಜಿನ್ನು ಚಾಲೂ ಮಾಡಬೇಕು. ಅದು ಹದಕ್ಕೆ ಬಂದ ಮೇಲೆ ಕಾಕನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಮುಚ್ಚುತ್ತ ಭಾರ ಹೊರಿಸಬೇಕು. ಸಿಡಿಮದ್ದು ತುಂಬಲು ತಾನು ಬಾವಿಗಿಳಿಯುವಾಗ ಅಮಸಿದ್ದ ಆ ಕಾಕನ್ನು ಬುತ್ತಿ ತಂದ ಹೆಂಡತಿಯ ಕೈಗೆ ಕೊಡುತ್ತಿದ್ದ. ನಾಲ್ಕು ವರ್ಷಗಳಲ್ಲಿ ಅವರು ತೋಡಿದ ಬಾವಿ ಎಷ್ಟೆಂದರೆ, ತನ್ನ ನೀರು ಎಲ್ಲಿ ಸೋರುತ್ತಿದೆಯೆಂದು ಕೃಷ್ಣೆಗೇ ಸಂಶಯ ಬಂದಿತ್ತು.

* * *

ಮಷಿನ್ನು ಕುಣಿಯಿದ್ದ ಹೊಲಕ್ಕೆ ಬಂದಾಗ ನಾಲ್ಕೂವರೆ. ಹಿಂದೆಯೇ ಬಂದ ಗೌಡರು ಕುಣಿ ನೋಡಿದರು, ಹೊತ್ತು ನೋಡಿದರು.

"ಏ ಇಸಾಕ, ದೊಡ್ಡ ಗಾಲಿ ಹಾಕು. ಎರಡೂ ಡ್ರಿಲ್ ಹೊಡೀಲಿ."

"ಅಮಸಿದ್ದಣ್ಣ ಎಂದೂ ಹಾಕಿಲ್ರಿ."

"ನಿಮ್ಮಣ್ಣ ಎಂದೂ ಹೊತ್ತು ನೋಡಿ ಕೆಲಸ ಮಾಡಿದಾಂವಲ್ಲ. ಹಾಕು."

ದೊಡ್ಡ ಗಾಲಿ ತಿರುಗಿದ್ದೇ ಕಂಪ್ರೆಸರು ನಾಗಾಲೋಟ ಕಿತ್ತಿತು. ಗಾಳಿಯ ಒತ್ತಡ ತೋರಿಸುವ ಮುಳ್ಳು ಐವತ್ತು ದಾಟುವುದರೊಳಗೆ ಇಂಜಿನ್ನು ಉಗುಳಿದ ಹೊಗೆಗೆ ಮೂರೂರಿನ ಕಾಗೆಗಳು ಇನ್ನಷ್ಟು ಕಪ್ಪಾದವು. ಪಟ್ಟಾ ಕಿರುಚಿತು. ಇಂಜಿನ್ನು ಎರಡು ಸಲ ಕೆಮ್ಮಿ ನಿಂತಿತು. ಪಕ್ಕದೂರು ಗೊಳಸಂಗಿಯಲ್ಲಿ ಯಾರೋ ಒಗ್ಗರಣೆ ಹಾಕಿದ್ದು ಕೇಳಿಸುವಷ್ಟು ನಿಶ್ಶಬ್ದ.

"ಮುಗೀತು," ಎಂದ ಪರಸಪ್ಪ.

ತಿಪ್ಪವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಸಣ್ಣದು ಹಾಕ್ರಿ."

"ಹೆಣದ ತಲಿ ಬಿಟ್ಟು ಏಳಬಾರದ ತಂಗಿ," ಎಂದಳು ಬಾಜೂ ಮನೆಯ ಮುದುಕಿ ಸಿದ್ದವ್ವ. "ಮಂದಿ ಏನಂದಾರು?"

"ಮಂದಿ ನರಿ ಕಾಯಾಕ ಬರತಾರೇನ ಯಕ್ಕಾ? ನೀ ಕೂಡು ಅಲ್ಲಿ, ನಾ ಬರೂತನಕ."

ಗಾಲಿ ಬದಲಿಸುವುದರಲ್ಲಿ ಅರ್ಧ ತಾಸು ಹೋಯಿತು. ತಿಪ್ಪವ್ವ ಕಾಕನ್ನು ಪೂರಾ ತೆರೆದಳು. ಪರಸಪ್ಪ ಹ್ಯಾಂಡಲ್ ತಿರುವಿದ. ಹೊಗೆ ಕಪ್ಪಿನಿಂದ ಬೂದಿಗೆ ಬಂತು. ಕಾಕಿನ ಮೇಲಿದ್ದ ಅವಳ ಕೈ ಇನ್ನೂ ಅಲ್ಲಾಡಲಿಲ್ಲ.

"ಇನ್ನ ಯಾಕ ನಿಂತಿ?" ಗೌಡರು ಅವಳ ಕಿವಿಯ ಬಳಿ ಕೂಗಿದರು. ಸೂರ್ಯ ಗುಡ್ಡದಿಂದ ಗೇಣಿನಷ್ಟು ಮೇಲಿದ್ದ.

"ಇನ್ನೂ ಕೆಮ್ಮತೈತ್ರಿ."

ಆಮೇಲೆ ತುಸು ಮುಚ್ಚಿ ಕಿವಿಗೊಟ್ಟಳು. ಇನ್ನು ತುಸು. ಇಂಜಿನ್ನಿನ ದನಿ ಕುಗ್ಗಿತು, ನಿಂತೇಬಿಡುತ್ತದೆ ಎನ್ನುವಷ್ಟು ಕುಗ್ಗಿ ಮತ್ತೆ ಗಟ್ಟಿಯಾಯಿತು. ಮುಳ್ಳು ಅರವತ್ತಕ್ಕೆ ಬಂತು. ಎಂಬತ್ತು. ಕುಣಿಯಲ್ಲಿದ್ದ ಇಸಾಕನಿಗೆ ಅವಳು ಒಂದೇ ಬೆರಳು ತೋರಿಸಿದಳು. ಡ್ರಿಲ್ ಕಲ್ಲಿಗೆ ಬಾಯಿ ಹಾಕಿತು. ಮಸೂತಿಯಲ್ಲಿ ಹಲ್ಲಿದ್ದವರ ಹಲ್ಲು ಕಟಕಟಿಸಿದವು, ಇಲ್ಲದವರವೂ ಕಟಕಟಿಸಿದವು. ಮೂರು ಅಡಿ. ಮೂರೂವರೆ. ಗುಡ್ಡ ಸೂರ್ಯನ ಅಂಚು ಕಚ್ಚಿತು. ನಾಲ್ಕು.

ಕಣ್ಣೊಳಗಿನ ಕಲ್ಲಿನ ಚೂರು ಒರೆಸಿಕೊಳ್ಳಲು ಇಸಾಕ ತಲೆ ಎತ್ತಿದ. ತಿಪ್ಪವ್ವ ಕಾಕಿನ ಮೇಲೆ ಕೈಯಿಟ್ಟು ಬಾಯಿ ಅಗಲ ತೆರೆದು ಏನೋ ಹೇಳುತ್ತಿದ್ದಳು. ಕೊರಳ ನರ ಉಬ್ಬಿದ್ದವು. ಅವನು ಗಾಬರಿಯಿಂದ ಡ್ರಿಲ್ ನಿಲ್ಲಿಸಿದ.

"ಏನಂದ್ರಿ ವೈನಿ?"

ಇಂಜಿನ್ನಿನ ಸದ್ದಿನಲ್ಲಿ ಅವನ ದನಿ ಅವನಿಗೇ ಕೇಳಲಿಲ್ಲ. ಆಗ ಅವಳ ಗದ್ದದಿಂದ ಕಣ್ಣೀರು ತೊಟ್ಟಿಕ್ಕುವುದು ಕಂಡಿತು.

ಡ್ರಿಲ್ ನಿಂತಿದ್ದಕ್ಕೆ ಮುಳ್ಳು ಏರತೊಡಗಿತ್ತು. ತಿಪ್ಪವ್ವ ಒಂದು ಕೈಯಿಂದ ಕಾಕನ್ನು ತುಸು ಸಡಿಲಿಸಿದಳು. ತೆರೆದ ಬಾಯಿ ಮುಚ್ಚದೆಯೇ ಇನ್ನೊಂದು ಕೈಯನ್ನು ಅವನತ್ತ ಬೀಸಿದಳು: ಹೊಡಿ, ಹೊಡಿ.